ಹುಟ್ಟುಹಬ್ಬದ ತಾರೀಕು ಕಡಲಿಗೆ ಗೊತ್ತಿಲ್ಲ

ಹಿಂದೆ ನಮ್ಮ ಮನೆಗಳಲ್ಲಿ ಮಕ್ಕಳ ಹುಟ್ಟುಹಬ್ಬ ಎಂದರೆ ಉಮ್ಮ ಮಾಡುವ ಒಂದು ಪಾಯಸ, ಹೆಚ್ಚೆಂದರೆ ಶಾಲೆಯಲ್ಲಿ ಹಂಚಲು ಒಂದು ಪ್ಯಾಕೆಟ್ ಚಾಕಲೇಟ್. ಆಮೇಲೆ ಕೇಕ್ ಬಂತು. ಕೇಕಿನ ಹಿಂದೆ ಬಲೂನು, ಡೆಕೊರೇಷನ್, ಹಾಲ್ ಬಂತು. ಈಗ ಪ್ರವಾಸ ಬಂದಿದೆ. ಮಗುವಿಗೆ ಐದು ತುಂಬಿತು, ದ್ವೀಪಕ್ಕೆ ಹೋಗೋಣ. ಅಜ್ಜನಿಗೆ ಎಪ್ಪತ್ತಾಯಿತು, ಎಲ್ಲರೂ ಸೇರಿ ಬೋಟಿನಲ್ಲಿ ಹೋಗೋಣ. ಗಲ್ಫ್‌ನಿಂದ ರಜೆಯಲ್ಲಿ ಬಂದವರು ಶುರು ಮಾಡಿದ ಈ ರೂಢಿ ಈಗ ಗಟ್ಟದ ಮೇಲಕ್ಕೂ ಹತ್ತಿದೆ. ರಜೆಯ ದಿನಗಳಲ್ಲಿ ಮಲ್ಪೆಯಲ್ಲಿ ಸೇಂಟ್ ಮೇರೀಸ್ ದ್ವೀಪದ ಬೋಟಿಗೆ ಕಾದು ನಿಂತವರ ಮಾತು ಕೇಳಿದರೆ ಅರ್ಧಕ್ಕರ್ಧ ನಮ್ಮ ಕಡೆಯ ಭಾಷೆ ಅಲ್ಲ. ಹಾವೇರಿ, ಗದಗ, ಕಲಬುರಗಿ, ಬೀದರ್ ಕಡೆಯ ಕನ್ನಡ. ನಡುವೆ ದಖನಿ ಉರ್ದು.

ಬೀದರ್ ನಮ್ಮ ರಾಜ್ಯದ ನೆತ್ತಿಯ ಮೇಲಿರುವ ಜಿಲ್ಲೆ. ಅಲ್ಲಿಂದ ಕರಾವಳಿಗೆ ಏಳುನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಭಾಲ್ಕಿ, ಔರಾದ್ ಆದರೆ ಇನ್ನೂ ಅಷ್ಟು ಆಚೆ. ಔರಾದ್‌ನ ಒಂದು ಮಗ್ಗುಲಲ್ಲಿ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಲ್ಲಿ ತೆಲಂಗಾಣ. ಹೈದರಾಬಾದ್ ಅವರಿಗೆ ಹತ್ತಿರದ ಪಟ್ಟಣ, ಮಂಗಳೂರು ಪರದೇಶವಿದ್ದ ಹಾಗೆ. ಆದರೂ ಈಗ ಆ ಊರುಗಳಿಗೂ ನಮಗೂ ಹೋಗಿ ಬರುವುದು ಬೆಳೆದಿದೆ. ಬೀದರ್‌ನ ಶಾಹೀನ್ ಶಿಕ್ಷಣ ಸಂಸ್ಥೆಗೆ ದೇಶದ ಮೂಲೆಮೂಲೆಯಿಂದ ಮಕ್ಕಳು ನೀಟ್ ಓದಲು ಹೋಗುತ್ತಾರೆ, ಅವರಲ್ಲಿ ನಮ್ಮ ಕರಾವಳಿಯ ಮಕ್ಕಳೂ ಇದ್ದಾರೆ. ಮಗಳನ್ನು ಹಾಸ್ಟೆಲಿಗೆ ಬಿಡಲು ಹೋದ ಬಾಪ ಅಲ್ಲಿಯ ಒಂದು ಮನೆಯಲ್ಲಿ ಊಟ ಮಾಡುತ್ತಾನೆ. ಹೊರಡುವಾಗ ಹೇಳುತ್ತಾನೆ: ‘ನೀವೂ ಒಮ್ಮೆ ಮಕ್ಕಳನ್ನು ಕರಕೊಂಡು ನಮ್ಮೂರಿಗೆ ಬನ್ನಿ, ಕಡಲು ತೋರಿಸ್ತೇವೆ.’ ಅತ್ತ ಕಡೆಯ ಮಕ್ಕಳು ಮಂಗಳೂರು, ಮಣಿಪಾಲ, ಮೂಡುಬಿದಿರೆಯಲ್ಲಿ ಓದುತ್ತಾರೆ, ದುಡಿಯುತ್ತಾರೆ. ಅವರೂ ತಂದೆತಾಯಿಯನ್ನು ಕರೆಸಿಕೊಳ್ಳುತ್ತಾರೆ.

ಹಾಗಾಗಿ ಬೀದರ್‌ನ ಒಂದು ಕುಟುಂಬ ಹುಟ್ಟುಹಬ್ಬಕ್ಕೆಂದು ದ್ವೀಪಕ್ಕೆ ಹೊರಡುವುದು ಅವರ ಮನೆಯ ವಿಷಯ ಮಾತ್ರ ಅಲ್ಲ. ಅವರನ್ನು ಕರೆದವರು ನಾವು. ಅವರಿಗೆ ರೂಮು ಕೊಡುವವರು, ಕಾರು ಓಡಿಸುವವರು, ಎಳನೀರು ಮಾರುವವರು, ಬೋಟಿಗೆ ಹತ್ತಿಸುವವರು ಈ ಕರಾವಳಿಯ ಜನ. ಈ ಮಾತನ್ನು ಇಲ್ಲಿ ಎತ್ತಲು ಕಾರಣ ಅದೇ.

ಹುಟ್ಟುಹಬ್ಬ ಆಚರಿಸಬಹುದೋ ಬಾರದೋ ಎಂಬ ಪ್ರಶ್ನೆಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಉಂಟು. ಆ ಚರ್ಚೆಗೆ ಬೇರೆ ಜಾಗ ಇದೆ. ಇಸ್ರಾಫ್ ಬೇಡ, ಅಂದರೆ ದುಂದುವೆಚ್ಚ ಬೇಡ ಎಂಬಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ. ಕುಟುಂಬವೆಲ್ಲ ಒಂದು ದಿನ ಒಟ್ಟಿಗೆ ಕಳೆಯುವುದು ಒಳ್ಳೆಯದು ಎಂಬಲ್ಲಿಯೂ ಇಲ್ಲ. ಕಡಲು ನೋಡದ ಮಗು ಕಡಲು ನೋಡಲಿ, ಅಜ್ಜಿಯೂ ನೋಡಲಿ. ಹೋಗಬೇಡಿ ಎನ್ನುವುದು ನಮ್ಮ ಮಾತಲ್ಲ. ಹೋದವರೆಲ್ಲ ಹಿಂತಿರುಗಿ ಬರಬೇಕು, ಅಷ್ಟೇ.

ಮೊದಲು ತಾರೀಕಿನ ವಿಚಾರ. ಬೀದರ್ ಕಡೆ ಮಾತ್ರ ಅಲ್ಲ, ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಐವತ್ತು ದಾಟಿದವರ ಆಧಾರ್ ಕಾರ್ಡ್ ತೆಗೆದು ನೋಡಿ. ಮನೆಯಲ್ಲಿ ಒಬ್ಬರದಾದರೂ ಹುಟ್ಟಿದ ದಿನ ಜೂನ್ 1 ಇರುತ್ತದೆ. ಅಣ್ಣನೂ ಜೂನ್ 1, ತಮ್ಮನೂ ಜೂನ್ 1, ಪಕ್ಕದ ಮನೆಯವನೂ ಜೂನ್ 1. ತಾಯಿಗೆ ನೆನಪಿದ್ದದ್ದು ‘ಜೋಳ ರಾಶಿ ಮಾಡುವಾಗ ಹುಟ್ಟಿದ’, ‘ಆ ವರ್ಷ ಬರ ಬಿದ್ದಿತ್ತು’ ಎಂಬಷ್ಟೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಲೆಕ್ಕಕ್ಕೆ ಸರಿಯಾಗುವಂತೆ ಜೂನ್ 1 ಎಂದು ಬರೆದುಕೊಂಡರು. ಅದೇ ಮುಂದೆ ಮಾರ್ಕ್ಸ್ ಕಾರ್ಡ್‌ಗೆ, ನೌಕರಿಗೆ, ಪಿಂಚಣಿಗೆ ಬಂತು. ಆ ತಲೆಮಾರಿನವರು ಯಾವತ್ತೂ ಹುಟ್ಟುಹಬ್ಬ ಮಾಡಿಕೊಂಡವರಲ್ಲ. ಈಗ ಮಕ್ಕಳು ದುಡಿಯುತ್ತಾರೆ. ‘ಅಬ್ಬಾಗೆ ಒಂದು ಸಲವಾದರೂ ಮಾಡೋಣ’ ಎಂದು ಕಾರ್ಡಿನಲ್ಲಿರುವ ತಾರೀಕನ್ನೇ ಹಿಡಿಯುತ್ತಾರೆ.

ಆದರೆ ಜೂನ್ 1ಕ್ಕೆ ದ್ವೀಪಕ್ಕೆ ಬೋಟ್ ಇಲ್ಲ. ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆ ನಿಲ್ಲುವುದೂ ಅದೇ ಜೂನ್ 1ರಿಂದಲೇ, ಜುಲೈ 31ರವರೆಗೆ 61 ದಿನ. ಪ್ರವಾಸಿ ಬೋಟುಗಳು ಅದಕ್ಕೂ ಮೊದಲೇ, ಸಾಮಾನ್ಯವಾಗಿ ಮೇ ತಿಂಗಳ ನಡುವಿಗೆ ನಿಂತರೆ ಮತ್ತೆ ಹೊರಡುವುದು ಸೆಪ್ಟೆಂಬರ್ ಅರ್ಧ ಕಳೆದ ಮೇಲೆ. ಮೇಷ್ಟ್ರು ಬರೆದ ತಾರೀಕಿಗೆ ಇಡೀ ಜೀವನ ಹೊಂದಿಕೊಂಡವರು ಇನ್ನು ಐದಾರು ತಿಂಗಳು ಹೊಂದಿಕೊಂಡರೆ ನಷ್ಟ ಏನೂ ಇಲ್ಲ. ನವೆಂಬರ್, ಡಿಸೆಂಬರ್, ಜನವರಿಯಲ್ಲಿ ಬನ್ನಿ. ಬಿಸಿಲು ಕಡಿಮೆ, ಕಡಲೂ ಬಹುಪಾಲು ಶಾಂತ. ಮಗುವಿನ ಹುಟ್ಟುಹಬ್ಬ ಆಗಸ್ಟಿನಲ್ಲಿದ್ದರೆ ಕೇಕನ್ನು ಮನೆಯಲ್ಲಿ ಆಗಸ್ಟಿನಲ್ಲೇ ಕತ್ತರಿಸಿ, ದ್ವೀಪವನ್ನು ದಸರಾ ರಜೆಗೆ ಇಟ್ಟುಕೊಳ್ಳಿ. ಮಗು ಅಳುವುದಿಲ್ಲ. ಅದಕ್ಕೆ ಎರಡು ಹುಟ್ಟುಹಬ್ಬ ಆದಂತಾಯಿತು.

ಕಡಲಿಗೂ ಒಂದು ಪಂಚಾಂಗ ಇದೆ ಎಂಬುದು ದ್ವೀಪದಲ್ಲೇ ಹುಟ್ಟಿ ಬೆಳೆದವರಿಗೆ ಚೆನ್ನಾಗಿ ಗೊತ್ತು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಅಲ್ಲಿಯ ತೆಂಗಿನಕಾಯಿ, ಹುರಿಹಗ್ಗ ಮಂಗಳೂರಿನ ಹಳೇ ಬಂದರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ, ಸಾಮಾನು ಹೋಗುತ್ತಿತ್ತು. ಮಳೆಗಾಲ ಬಂತೆಂದರೆ ಓಡಾಟ ಬಂದ್. ಮದುವೆ ಇರಲಿ, ಮರಣ ಇರಲಿ, ಕಾಯಬೇಕು. ನಮ್ಮ ನೇತ್ರಾವತಿ, ಸ್ವರ್ಣಾ ನದಿಗಳ ಕುದ್ರುಗಳಲ್ಲಿ ಇರುವವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನೀರು ಏರಿದ ದಿನ ಶಾಲೆಗೂ ರಜೆ, ಕೆಲಸಕ್ಕೂ ರಜೆ. ದ್ವೀಪದಲ್ಲಿ ಬದುಕುವವರೇ ಕಾಯುತ್ತಾರೆ ಎಂದರೆ ದ್ವೀಪ ನೋಡಲು ಬಂದವರು ಕಾಯುವುದರಲ್ಲಿ ಅವಮಾನ ಏನಿದೆ?

ಬೀದರ್‌ನವರಿಗೆ ನೀರು ಗೊತ್ತಿಲ್ಲ ಎಂದು ಯಾರೂ ಹೇಳಬಾರದು. ಬಹಮನಿ ಸುಲ್ತಾನರ ಕಾಲದಲ್ಲೇ ನೆಲದಡಿ ಸುರಂಗ ಕೊರೆದು ನೀರು ತಂದ ಊರು ಅದು. ಆ ಕರೇಜ್ ಈಗಲೂ ನೌಬಾದ್ ಹತ್ತಿರ ಇದೆ. ಬೀದರ್‌ನ ನರಸಿಂಹ ಝರಣಿಗೆ ಹೋದವರು ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ಸುಮಾರು 300 ಮೀಟರ್ ನಡೆದು ಹೋಗುತ್ತಾರೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ ಕಾರಂಜಾ ಅಣೆಕಟ್ಟು ಇದೆ. ಭಾಲ್ಕಿ, ಔರಾದ್, ಬೀದರ್ ಮೂರೂ ತಾಲ್ಲೂಕಿಗೆ ಮಾಂಜ್ರಾ ನದಿ ಇದೆ. ಹಳ್ಳಿಯ ಹುಡುಗರು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು.

ಆದರೆ ಅದೆಲ್ಲ ನಿಂತ ನೀರು, ಇಲ್ಲವೇ ಒಂದೇ ದಿಕ್ಕಿಗೆ ಹರಿಯುವ ನೀರು. ಬಾವಿಯಲ್ಲಿ ದಡ ಕೈಗೆ ಸಿಗುತ್ತದೆ. ಝರಣಿಯಲ್ಲಿ ಕಾಲಿಗೆ ನೆಲ ಸಿಗುತ್ತದೆ. ಕಡಲಿನಲ್ಲಿ ಈಗ ಇದ್ದ ನೆಲ ಮುಂದಿನ ತೆರೆಗೆ ಇರುವುದಿಲ್ಲ. ಬಾವಿಯಲ್ಲಿ ಚೆನ್ನಾಗಿ ಈಜುವ ಹುಡುಗನೇ ಇಲ್ಲಿ ಹೆಚ್ಚು ಅಪಾಯಕ್ಕೆ ಬೀಳುತ್ತಾನೆ. ಏಕೆಂದರೆ ಅವನಿಗೆ ಹೆದರಿಕೆ ಇಲ್ಲ. ಈಜು ಬಾರದವನು ದಡದಲ್ಲೇ ನಿಲ್ಲುತ್ತಾನೆ.

ನಡೆದ ಸಂಗತಿಗಳನ್ನು ಒಮ್ಮೆ ನೆನಪಿಸಿಕೊಳ್ಳೋಣ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಗೆ ಹೋದವರ ಬೋಟ್ ಮಗುಚಿ 16 ಮಂದಿ ತೀರಿಕೊಂಡರು. ಹಾವೇರಿ ಜಿಲ್ಲೆಯಿಂದ ಬಂದ ಒಂದೇ ಕುಟುಂಬದ ಹಲವರು ಅದರಲ್ಲಿದ್ದರು, ಪುಟ್ಟ ಮಕ್ಕಳೂ ಇದ್ದರು. ಬೋಟಿನಲ್ಲಿ ಮಿತಿಗಿಂತ ಹೆಚ್ಚು ಜನ, ಬಹಳಷ್ಟು ಮಂದಿಯ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. 2022ರ ಏಪ್ರಿಲ್‌ನಲ್ಲಿ ನಮ್ಮ ಸೇಂಟ್ ಮೇರೀಸ್ ದ್ವೀಪದಲ್ಲೇ ಕೇರಳದ ಕೋಟ್ಟಯಂ ಕಡೆಯ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೀರು ಪಾಲಾದರು. ಕಾಲೇಜು ಪ್ರವಾಸಕ್ಕೆ ಬಂದಿದ್ದ ಮಕ್ಕಳು.

2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ನಡೆದದ್ದನ್ನು ನಮ್ಮವರು ಮರೆಯಬಾರದು. ಮೀನು ಹಿಡಿಯುವ ದೋಣಿಯನ್ನು ಪ್ರವಾಸಿ ಬೋಟಾಗಿ ಮಾಡಿದ್ದರು. ಹೊತ್ತು ಮುಳುಗಿದ ಮೇಲೆ, ಹಿಡಿಸುವುದಕ್ಕಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡು ಹೊರಟಿತು. 22 ಮಂದಿ ಹೋದರು, ಅದರಲ್ಲಿ 15 ಮಕ್ಕಳು. ಒಂದೇ ಕುಟುಂಬದ 11 ಮಂದಿಯ ಮಯ್ಯತ್ ಒಂದೇ ದಿನ ಎತ್ತಬೇಕಾಯಿತು. ರಜೆಯಲ್ಲಿ ಒಟ್ಟು ಸೇರಿದ್ದ ತಾಯಂದಿರು, ಅವರ ಮಕ್ಕಳು. ನಮ್ಮ ಮನೆಗಳ ಹಾಗೆಯೇ ಇದ್ದ ಮನೆ.

2024ರ ನವೆಂಬರ್ 17ರಂದು ಉಳ್ಳಾಲ ಸಮೀಪದ ಒಂದು ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿದರು. ಒಬ್ಬಳನ್ನು ಉಳಿಸಲು ಇನ್ನೊಬ್ಬಳು, ಅವಳನ್ನು ಉಳಿಸಲು ಮತ್ತೊಬ್ಬಳು. ಮೂವರಿಗೂ ಈಜು ಬರುತ್ತಿರಲಿಲ್ಲ. ಅದಾಗಿ ಒಂದು ತಿಂಗಳೂ ಆಗಿರಲಿಲ್ಲ, ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ಹುಡುಗಿಯರನ್ನು ಕಡಲು ಎಳೆದುಕೊಂಡಿತು.

ಹಾವೇರಿ, ಕೋಟ್ಟಯಂ, ಮೈಸೂರು, ಕೋಲಾರ. ಈ ಸಾಲನ್ನು ಒಮ್ಮೆ ಓದಿ ನೋಡಿ. ದೂರದಿಂದ ಬಂದವರು, ಸಂತೋಷಕ್ಕೆಂದು ಬಂದವರು. ಹಾಗೆಂದು ಕರಾವಳಿಯವರು ಮುಳುಗುವುದಿಲ್ಲ ಎಂದಲ್ಲ. ಪೆರ್ನಾಲ್ ಮರುದಿನ ನಮ್ಮ ಹುಡುಗರು ನದಿ, ಕಡಲಿಗೆ ಇಳಿದು ಜೀವ ಕಳಕೊಂಡ ಸುದ್ದಿಯನ್ನೂ ಎಷ್ಟು ಸಲ ಓದಿದ್ದೇವೆ. ಆದರೆ ದೂರದಿಂದ ಬಂದವರ ಮೇಲೆ ಇನ್ನೊಂದು ಒತ್ತಡ ಇದೆ. ಅದನ್ನು ಅರ್ಥ ಮಾಡಿಕೊಂಡರೆ ಅರ್ಧ ಅಪಾಯ ತಪ್ಪುತ್ತದೆ.

ಆ ಒತ್ತಡ ಯಾವುದು? ಭಾಲ್ಕಿಯ ಒಂದು ಮಧ್ಯಮ ವರ್ಗದ ಕುಟುಂಬ ಎಂದಿಟ್ಟುಕೊಳ್ಳಿ. ಆರು ತಿಂಗಳು ಹಣ ಕೂಡಿಟ್ಟಿದೆ. ಅಂಗಡಿಗೆ ಮೂರು ದಿನ ಬಾಗಿಲು ಹಾಕಿದೆ. ಒಂದು ರಾತ್ರಿ, ಅರ್ಧ ಹಗಲು ಬಸ್ಸಿನಲ್ಲಿ ಕೂತು ಸೊಂಟ ಹಿಡಿದಿದೆ. ಬೆಳಿಗ್ಗೆ ಮಲ್ಪೆಗೆ ಬಂದರೆ ಗಾಳಿ ಜೋರು, ಬೋಟ್ ಇಲ್ಲ. ರಾತ್ರಿ ವಾಪಸ್ ಹೋಗಲು ಟಿಕೆಟ್ ಆಗಿದೆ. ಮಗನ ಕೈಯಲ್ಲಿ ಕೇಕಿನ ಡಬ್ಬಿ. ಆಗ ಅಪ್ಪನ ಬಾಯಲ್ಲಿ ಬರುವ ಮಾತು ಇದು: ‘ಅಷ್ಟು ದೂರದಿಂದ ಬಂದೀವ್ರೀ, ಹುಡುಗನ ಬರ್ತ್‌ಡೇ ಅದ ಇವತ್ತ. ಒಂದ್ಸಲ ಒಯ್ದು ತರ್ರಿ, ರೊಕ್ಕ ಎಷ್ಟರ ಆಗ್ಲಿ.’

ಈ ಮಾತಿನಲ್ಲಿ ದುರಾಸೆ ಇಲ್ಲ, ಅಹಂಕಾರ ಇಲ್ಲ. ಮಗನ ಮುಖ ಸಣ್ಣದಾಗಬಾರದು ಎಂಬ ಪ್ರೀತಿ ಮಾತ್ರ. ಹಾಗಾಗಿಯೇ ಇದು ಅಪಾಯದ ಮಾತು. ಪ್ರೀತಿಯಿಂದ ಕೇಳಿದವನಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಬೋಟಿನವನಿಗೂ ಮಕ್ಕಳಿದ್ದಾರೆ, ಅವನಿಗೂ ದುಡಿಮೆ ಬೇಕು. ಇನ್ನಿಬ್ಬರು ಕೂರಲಿ, ಮಕ್ಕಳಲ್ಲವಾ, ಮಡಿಲಲ್ಲಿ ಕೂರಿಸಿಕೊಳ್ಳಿ ಎನ್ನುತ್ತಾನೆ. ಲೈಫ್ ಜಾಕೆಟ್ ಕಡಿಮೆ ಬಿದ್ದರೆ ದೊಡ್ಡವರು ಸುಮ್ಮನಿರುತ್ತಾರೆ. ಒಂದು ಬೋಟ್ ಮಗುಚಲು ಕೆಟ್ಟವರೇ ಬೇಕೆಂದಿಲ್ಲ. ಒಳ್ಳೆಯವರು ಒಬ್ಬರಿಗೊಬ್ಬರು ದಾಕ್ಷಿಣ್ಯ ಮಾಡಿಕೊಂಡರೂ ಸಾಕು.

ಆದ್ದರಿಂದ ಬೀದರ್, ಭಾಲ್ಕಿ, ಔರಾದ್‌ನಿಂದ ಬರುವ ಬಂಧುಗಳಿಗೆ ಮೊದಲ ಮಾತು: ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಬನ್ನಿ. ಕೇಕಿಗೆ, ಬಟ್ಟೆಗೆ, ಫೋಟೋಗೆ ಇಟ್ಟ ಹಣದಲ್ಲಿ ಸ್ವಲ್ಪ ಉಳಿಸಿ ಇನ್ನೊಂದು ರಾತ್ರಿಯ ರೂಮಿಗೆ ಇಡಿ. ದ್ವೀಪಕ್ಕೆ ಎರಡು ದಿನ ಅವಕಾಶ ಇದ್ದರೆ ಯಾರ ಕೈಕಾಲೂ ಹಿಡಿಯಬೇಕಿಲ್ಲ. ಮೊದಲ ದಿನ ಗಾಳಿ ಇದ್ದರೆ ಉಡುಪಿ, ಮಣಿಪಾಲ, ಕಾರ್ಕಳ ನೋಡಿ. ಎರಡನೇ ದಿನವೂ ಆಗದಿದ್ದರೆ ದಡದಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡಿ ಹೊರಡಿ. ಬೀದರ್‌ನ ಮಗುವಿಗೆ ಅದೂ ಹೊಸದೇ.

ಬೋಟ್ ಹತ್ತುವ ಮೊದಲು ಕೇಳಬೇಕಾದ್ದು ಇಷ್ಟು. ಈ ಬೋಟಿನಲ್ಲಿ ಎಷ್ಟು ಜನಕ್ಕೆ ಪರವಾನಗಿ? ಎಷ್ಟು ಜಾಕೆಟ್ ಇದೆ? ಮಕ್ಕಳ ಸೈಜಿನದ್ದು ಇದೆಯಾ? ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ನೀರಿಗೆ ಬಿದ್ದ ಕೂಡಲೇ ಜಾಕೆಟ್ ಮೇಲೇಳುತ್ತದೆ, ಮಗು ಕೆಳಗೆ ಜಾರುತ್ತದೆ. ಹಾಕಿ, ಪಟ್ಟಿ ಬಿಗಿದು, ಭುಜದ ಬಳಿ ಹಿಡಿದು ಎತ್ತಿ ನೋಡಿ. ಕಿವಿಯವರೆಗೆ ಮೇಲೆ ಬಂದರೆ ಅದು ಸರಿಯಾದ ಅಳತೆಯಲ್ಲ. ಸೆಕೆ ಆಗುತ್ತದೆ, ಬುರ್ಖಾ ಮೇಲೆ ಕೂರುವುದಿಲ್ಲ, ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು ಬಿಚ್ಚಬೇಡಿ. ಕೆಲವರು ‘ಅಲ್ಲಾಹು ಇದ್ದಾನೆ, ಏನೂ ಆಗುವುದಿಲ್ಲ’ ಎನ್ನುತ್ತಾರೆ. ತವಕ್ಕುಲ್ ಎಂದರೆ ಲೈಫ್ ಜಾಕೆಟ್ ಬಿಚ್ಚಿಡುವುದಲ್ಲ. ಮಾಡಬೇಕಾದ್ದನ್ನು ಮಾಡಿ ಆಮೇಲೆ ಅವನಿಗೆ ಒಪ್ಪಿಸುವುದು.

ಬೋಟಿನಲ್ಲಿ ಕೂತ ಮೇಲೆ ಏಳಬೇಡಿ. ಡಾಲ್ಫಿನ್ ಕಾಣಿಸಿತು, ಸೆಲ್ಫಿ ತೆಗೆಯೋಣ ಎಂದು ಎಲ್ಲರೂ ಒಂದೇ ಮಗ್ಗುಲಿಗೆ ಹೋದರೆ ದೊಡ್ಡ ಬೋಟೂ ವಾಲುತ್ತದೆ. ಕೊನೆಯ ಟ್ರಿಪ್‌ವರೆಗೆ ಕಾಯಬೇಡಿ. ಸೇಂಟ್ ಮೇರೀಸ್‌ನಲ್ಲಿ ಮನೆ ಇಲ್ಲ, ಹೋಟೆಲ್ ಇಲ್ಲ, ರಾತ್ರಿ ಉಳಿಯಲು ಬಿಡುವುದಿಲ್ಲ. ಕೊನೆಗೆ ಉಳಿದವರೆಲ್ಲ ಒಂದೇ ಬೋಟಿಗೆ ನುಗ್ಗುತ್ತಾರೆ. ಮಧ್ಯಾಹ್ನವೇ ಹೊರಟರೆ ನೆಮ್ಮದಿ.

ದ್ವೀಪದಲ್ಲಿ ನೋಡಬೇಕಾದ್ದು ನೀರಿಗಿಂತ ಕಲ್ಲು. ಜೇನುಗೂಡಿನ ಹಾಗೆ ಮೂಲೆ ಮೂಲೆಯಾಗಿ ಎದ್ದು ನಿಂತ ಆ ಕಂಬಗಳು ಲಾವಾ ತಣ್ಣಗಾಗಿ ಆದದ್ದು. ಸುಮಾರು 8.8 ಕೋಟಿ ವರ್ಷದ ಹಿಂದಿನದು, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ್ದು ಎಂದು ವಿಜ್ಞಾನಿಗಳು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆ ಇದನ್ನು ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಬೀದರ್‌ನ ಮಕ್ಕಳಿಗೆ ಇದನ್ನು ಹೇಳಿದರೆ ಖುಷಿಪಡುತ್ತಾರೆ, ಏಕೆಂದರೆ ಅವರ ಕಾಲ ಕೆಳಗಿರುವುದೂ ಲಾವಾವೇ. ದಖನ್ ಪ್ರಸ್ಥಭೂಮಿಯ ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಔರಾದ್‌ನ ಎರೆಮಣ್ಣು ಅದರಿಂದ ಆದದ್ದು. ಬೀದರ್ ಕೋಟೆ ನಿಂತಿರುವ ಕೆಂಪುಕಲ್ಲೂ ಅದೇ ಬಂಡೆ ಕಾಲಕ್ರಮದಲ್ಲಿ ಸವೆದು ಆದದ್ದೇ, ನಾವು ಇಲ್ಲಿ ಮನೆ ಕಟ್ಟುವ ಮುರಕಲ್ಲಿನ ಜಾತಿ. ಆದರೆ ಅಂಚಿನ ಬಂಡೆ ಪಾಚಿ ಹಿಡಿದು ಜಾರುತ್ತದೆ. ‘ಹೋಗಬೇಡಿ’ ಎಂದು ಬೋರ್ಡ್ ಹಾಕಿದ ಕಡೆ ಹೋಗಿ ನಿಂತು ಫೋಟೋ ತೆಗೆಯಬೇಡಿ. ಬಂಡೆ ಒಣಗಿದೆ ಎಂದರೆ ತೆರೆ ಬರುವುದಿಲ್ಲ ಎಂದರ್ಥವಲ್ಲ, ಇನ್ನೂ ಬಂದಿಲ್ಲ ಎಂದರ್ಥ.

ದಡದ ನೀರಿನ ವಿಷಯ ಒಂದನ್ನು ಮಕ್ಕಳಿಗೂ ಹೇಳಿಕೊಡಿ. ತೆರೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲೋ ಒಂದು ಕಡೆಯಿಂದ ಹಿಂದಕ್ಕೆ ಹೋಗಲೇಬೇಕು. ಅದು ಒಂದು ಕಾಲುವೆಯ ಹಾಗೆ ಜೋರಾಗಿ ಒಳಗೆ ಹರಿಯುತ್ತದೆ. ಆ ಜಾಗದಲ್ಲಿ ತೆರೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ, ನೋಡಲು ಶಾಂತವಾಗಿರುತ್ತದೆ. ಹೊಸಬರು ‘ಇಲ್ಲಿ ತೆರೆ ಇಲ್ಲ’ ಎಂದು ಅಲ್ಲಿಯೇ ಇಳಿಯುತ್ತಾರೆ. ಅದರ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ನೇರ ಈಜಲು ಹೋಗಬಾರದು, ಸುಸ್ತಾಗುತ್ತದೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬಂದು ಆಮೇಲೆ ದಡಕ್ಕೆ ತಿರುಗಬೇಕು. ಆಗದಿದ್ದರೆ ತೇಲುತ್ತಾ ಕೈ ಎತ್ತಬೇಕು. ದಡದಲ್ಲಿದ್ದವರು ಹಾರಬಾರದು. ಹಗ್ಗ, ಟ್ಯೂಬು, ಮುಚ್ಚಳ ಹಾಕಿದ ಖಾಲಿ ಕ್ಯಾನು, ತೇಲುವುದು ಏನಾದರೂ ಎಸೆದು ಜೀವರಕ್ಷಕನನ್ನು ಕೂಗಬೇಕು. ಈಜುಕೊಳದಲ್ಲಿಯೂ ಇದೇ ನಿಯಮ. ಫೋನ್ ಮಾಡಬೇಕಾದ ನಂಬರ್ 112. ಕಡಲಿನಲ್ಲಿ ಆಪತ್ತಾದರೆ ಕರಾವಳಿ ಕಾವಲು ಪಡೆಯ 1554.

ಹತ್ತು ಜನ ದೊಡ್ಡವರಿದ್ದ ಕಡೆ ಮಗು ಕಳೆದುಹೋಗುವುದು ಜಾಸ್ತಿ. ಇವರು ನೋಡುತ್ತಾರೆ ಎಂದು ಅವರು, ಅವರು ನೋಡುತ್ತಾರೆ ಎಂದು ಇವರು. ಒಂದು ಗಂಟೆಗೆ ಒಬ್ಬರಂತೆ ಹಂಚಿಕೊಳ್ಳಿ. ಆ ಗಂಟೆಯಲ್ಲಿ ಅವರ ಕೈಯಲ್ಲಿ ಫೋನ್ ಇರಬಾರದು. ಎಲ್ಲ ಗಂಟೆಯೂ ಉಮ್ಮನಿಗೇ ಬೀಳದಂತೆಯೂ ನೋಡಿಕೊಳ್ಳಿ. ಪ್ರವಾಸಕ್ಕೆ ಬಂದವರಲ್ಲಿ ಅವಳೂ ಒಬ್ಬಳು.

ಇನ್ನು ನಮ್ಮ ಕಡೆಯ ಮಾತು. ಅತಿಥಿಗೆ ಬಿರಿಯಾನಿ ಬಡಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಆದರೆ ಬೀದರ್‌ನಿಂದ ಬಂದ ಅತಿಥಿಗೆ ನಾವು ಕೊಡಬಹುದಾದ ದೊಡ್ಡ ಸತ್ಕಾರ ಎಂದರೆ, ಬೇಕಾದಾಗ ‘ಇವತ್ತು ಬೇಡ ಮಾರಾಯ್ರೆ, ಕಡಲು ಸರಿ ಇಲ್ಲ’ ಎಂದು ಹೇಳುವುದು. ಮಲ್ಪೆಯ ಮೊಗವೀರರು ಗಾಳಿಯ ವಾಸನೆಯಲ್ಲೇ ನಾಳೆಯನ್ನು ಹೇಳಬಲ್ಲವರು. ಅವರು ಇಳಿಯಬೇಡಿ ಎಂದರೆ ಅಲ್ಲಿಗೆ ಮುಗಿಯಿತು, ಇನ್ನೊಬ್ಬ ಬೋಟಿನವನನ್ನು ಹುಡುಕಿಕೊಡುವ ಉಪಕಾರ ನಾವು ಮಾಡಬಾರದು. ಕಾರಿನ ಚಾಲಕ, ಲಾಡ್ಜಿನ ಹುಡುಗ, ಅಂಗಡಿಯವನು ಎಲ್ಲರೂ ಒಂದೇ ಉತ್ತರ ಹೇಳಿದರೆ ಬಂದವರು ಒಪ್ಪುತ್ತಾರೆ. ಒಬ್ಬ ‘ನಾನು ವ್ಯವಸ್ಥೆ ಮಾಡ್ತೇನೆ’ ಎಂದರೆ ಉಳಿದವರೆಲ್ಲ ಹೇಳಿದ್ದು ನೀರಿನಲ್ಲಿ ಹೋಮ.

ಇಲ್ಲ ಎನ್ನುವವನಿಗೆ ನಷ್ಟವೂ ಆಗಬಾರದು. ಬೋಟ್ ನಿಂತ ದಿನ ಟಿಕೆಟ್ ಹಣ ಪೂರ್ತಿ ವಾಪಸ್ ಅಥವಾ ಮರುದಿನಕ್ಕೆ ಅದೇ ಟಿಕೆಟ್ ಎಂಬ ಪದ್ಧತಿ ಎಲ್ಲ ಕಡೆ ಬರಬೇಕು. ಲಾಡ್ಜಿನವರು ಅಂಥ ದಿನ ಎರಡನೇ ರಾತ್ರಿಗೆ ಬಾಡಿಗೆ ಇಳಿಸಿದರೆ ಅವರಿಗೂ ಗಿರಾಕಿ ಉಳಿಯುತ್ತಾನೆ, ಅತಿಥಿಯ ಜೀವವೂ ಉಳಿಯುತ್ತದೆ. ಎಚ್ಚರಿಕೆ ಬೋರ್ಡುಗಳು ಕನ್ನಡ, ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಸಾಲದು. ಬೀದರ್ ಕಡೆಯ ಎಷ್ಟೋ ಹಿರಿಯರು ಓದುವುದು ಉರ್ದು ಅಥವಾ ಮರಾಠಿ. ಓದಲು ಬಾರದವರಿಗೆ ಚಿತ್ರ ಬೇಕು. ಪ್ರತಿ ಬೋಟಿನಲ್ಲಿ ಮಕ್ಕಳ ಅಳತೆಯ ಜಾಕೆಟ್ ಇದೆಯೇ ಎಂದು ಋತು ಶುರುವಾಗುವಾಗ ಒಮ್ಮೆ ಮಾತ್ರ ಅಲ್ಲ, ರಜಾದಿನಗಳಲ್ಲಿ ಅಧಿಕಾರಿಗಳು ಬಂದು ನೋಡಬೇಕು. ಬೀದರ್ ಜಿಲ್ಲೆಯಲ್ಲಿಯೂ ಕೆಲಸ ಇದೆ. ಶಾಲಾ ಪ್ರವಾಸಕ್ಕೆ ಹೊರಡುವ ಮೊದಲು ಮಕ್ಕಳಿಗೆ ಒಂದು ಗಂಟೆ ನೀರಿನ ಪಾಠ ಆಗಲಿ. ಈಜು ಕಲಿಯಲು ಬಾವಿಯೇ ಗತಿ ಎನ್ನುವ ಸ್ಥಿತಿ ತಾಲ್ಲೂಕು ಊರುಗಳಲ್ಲಿ ಬದಲಾಗಲಿ, ಹೆಣ್ಣುಮಕ್ಕಳಿಗೂ ಅಲ್ಲಿ ಪ್ರತ್ಯೇಕ ಸಮಯ ಇರಲಿ.

ದುಂದಿನ ಮಾತನ್ನು ಎರಡೇ ಸಾಲಿನಲ್ಲಿ ಮುಗಿಸಬಹುದು. ಸಾಲ ಮಾಡಿ ದ್ವೀಪಕ್ಕೆ ಬರಬೇಡಿ. ಪಕ್ಕದ ಮನೆಯವರ ಸ್ಟೇಟಸ್ ನೋಡಿ ಸಂಘದ ಸಾಲ ಎತ್ತಿದರೆ ಮಗುವಿನ ಮುಂದಿನ ಹುಟ್ಟುಹಬ್ಬದವರೆಗೂ ಕಂತು ಕಟ್ಟಬೇಕಾಗುತ್ತದೆ. ಬೀದರ್‌ನವರಿಗೆ ಬರೀದ್ ಶಾಹಿ ಗೋರಿಗಳ ತೋಟ ಇದೆ, ಅಷ್ಟೂರಿನ ಬಯಲು ಇದೆ. ಕಾರಂಜಾ ದಡದಲ್ಲಿ ಜೋಳದ ರೊಟ್ಟಿ ಬುತ್ತಿ ಬಿಚ್ಚಿದರೂ ಹುಟ್ಟುಹಬ್ಬವೇ, ಆದರೆ ಅಲ್ಲಿಯೂ ನೀರಿಗೆ ಇಳಿಯುವ ಹುಡುಗರ ಮೇಲೆ ಕಣ್ಣಿರಲಿ.

ದ್ವೀಪಕ್ಕೆ ಬಂದವರು ಬಲೂನು, ಮಿಂಚು ಕಾಗದ, ಥರ್ಮಾಕೋಲ್ ತರಬೇಡಿ. ಪ್ಲಾಸ್ಟಿಕ್ ಅಲ್ಲಿ ನಿಷೇಧ. ಗಾಳಿಗೆ ಹಾರಿದ ಒಂದು ಬಲೂನು ಮೀನಿನ ಹೊಟ್ಟೆಗೆ ಹೋಗುತ್ತದೆ, ಮೀನು ನಮ್ಮ ತಟ್ಟೆಗೆ ಬರುತ್ತದೆ. ಆ ಗಾಳಿಯಲ್ಲಿ ಮೇಣದಬತ್ತಿಯಂತೂ ಹೊತ್ತುವುದೇ ಇಲ್ಲ. ಕೇಕನ್ನು ರೂಮಿನಲ್ಲೇ ಕತ್ತರಿಸಿ ಒಂದು ತುಂಡನ್ನು ಬೋಟಿನವನಿಗೂ ಕೊಡಿ.

ಈ ಸಲದ ರಜೆಗೆ ಬೀದರ್‌ನಿಂದ, ಭಾಲ್ಕಿಯಿಂದ, ಔರಾದ್‌ನಿಂದ ಯಾರಾದರೂ ನಮ್ಮ ಮನೆಗೆ ಬರುವುದಿದ್ದರೆ ಫೋನಿನಲ್ಲಿ ದಿನ ನಿಗದಿ ಮಾಡುವಾಗಲೇ ಕೇಳೋಣ: ವಾಪಸ್ ಟಿಕೆಟ್ ಯಾವತ್ತಿಗೆ? ಒಂದು ದಿನ ಮುಂದಕ್ಕೆ ಹಾಕಿಸಿ. ರೂಮಿಗೆ ದುಡ್ಡಿಲ್ಲದಿದ್ದರೆ ನಮ್ಮ ಮನೆಯಲ್ಲಿ ಚಾಪೆ ಇದೆ.